ಕಲ್ಚರ್ ತಟ್ಟೆಯಲ್ಲಿ ದೊಡ್ಡ ವೃತ್ತ ಮಾಡಿದ ಆಂಟಿಬಯಾಟಿಕ್ಕೇ ಹೆಚ್ಚು ಪರಿಣಾಮಕಾರಿಯೇ?
ಅಲ್ಲ. ಬ್ಯಾಕ್ಟೀರಿಯಾ ಹಚ್ಚಿದ ತಟ್ಟೆಯ ಮೇಲೆ ಔಷಧದ ಪುಟ್ಟ ಬಿಲ್ಲೆಗಳನ್ನಿಟ್ಟಾಗ, ಅವುಗಳ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಖಾಲಿ ಉಳಿದ ಜಾಗವೇ ಈ ವೃತ್ತ. ಎರಡು ಬೇರೆ ಔಷಧಗಳ ವೃತ್ತಗಳನ್ನು ಒಂದಕ್ಕೊಂದು ಹೋಲಿಸುವಂತೆಯೇ ಇಲ್ಲ. ಪ್ರತಿ ವೃತ್ತವನ್ನೂ ಆ ಔಷಧಕ್ಕೆ, ಆ ಬ್ಯಾಕ್ಟೀರಿಯಾಕ್ಕೆ ನಿಗದಿಯಾದ ಅಳತೆಯ ಜೊತೆಗಷ್ಟೇ ನೋಡಬೇಕು.

ಕಾರಣ ಇಷ್ಟೇ: 6 ಮಿ.ಮೀ. ಬಿಲ್ಲೆಯಲ್ಲಿರುವ ಔಷಧ ಅಗಾರ್‌ನೊಳಗೆ (ಪಾಚಿಯಿಂದ ತೆಗೆದ ಜೆಲ್ಲಿ) ಹರಡುತ್ತಾ ಹೋದಂತೆ ತೆಳುವಾಗುತ್ತದೆ. ಬ್ಯಾಕ್ಟೀರಿಯಾವನ್ನು ತಡೆಯಲು ಅದು ಸಾಲದಾದ ಕಡೆ ವೃತ್ತದ ಅಂಚು ಬೀಳುತ್ತದೆ. ಎಷ್ಟು ದೂರ ಹರಡುತ್ತದೆ ಎಂಬುದು ಅಣುವಿನ ಗಾತ್ರ ಮತ್ತು ಬಿಲ್ಲೆಯಲ್ಲಿರುವ ಪ್ರಮಾಣದ ಮೇಲೂ ನಿಂತಿದೆ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್‌ನ ದೊಡ್ಡ ಅಣು ಸರಿಯಾಗಿ ಹರಡುವುದೇ ಇಲ್ಲ; ಅದಕ್ಕೆ ಬಿಲ್ಲೆ ಪರೀಕ್ಷೆಯನ್ನು ನಂಬಬಾರದು.

ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾಕ್ಕೆ ಸಿಎಲ್‌ಎಸ್‌ಐ (ಪ್ರಯೋಗಾಲಯ ಪರೀಕ್ಷೆಗಳ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ) ಕೋಷ್ಟಕದಲ್ಲಿ ಆಂಪಿಸಿಲಿನ್ 17 ಮಿ.ಮೀ. ಅಥವಾ ಹೆಚ್ಚಿದ್ದರೆ ‘ಸೆನ್ಸಿಟಿವ್’ (ಔಷಧಕ್ಕೆ ಬಗ್ಗುತ್ತದೆ). ಸೆಫೊಟಾಕ್ಸಿಮ್‌ಗೆ 26 ಬೇಕು, 22 ಅಥವಾ ಕಡಿಮೆಯಾದರೆ ‘ರೆಸಿಸ್ಟೆಂಟ್’ (ಬಗ್ಗುವುದಿಲ್ಲ). ಅಂದರೆ ಈ ಕೋಷ್ಟಕದ ಪ್ರಕಾರ ಆಂಪಿಸಿಲಿನ್‌ನ 18 ಪಾಸು, ಸೆಫೊಟಾಕ್ಸಿಮ್‌ನ 21 ಫೇಲು!

ಈ ಅಂಕಿಗಳು ನಿಲ್ಲುವುದು ವಿಧಾನ ಕಟ್ಟುನಿಟ್ಟಾಗಿದ್ದರೆ ಮಾತ್ರ. ಈ ಪರೀಕ್ಷೆಗೆ ಬಳಸುವ ಮ್ಯೂಲರ್-ಹಿಂಟನ್ ಅಗಾರ್ ಸುಮಾರು 4 ಮಿ.ಮೀ. ದಪ್ಪ, ಬ್ಯಾಕ್ಟೀರಿಯಾ ದ್ರಾವಣದ ಮಬ್ಬು 0.5 ಮ್ಯಾಕ್‌ಫರ್ಲೆಂಡ್ (ಮಬ್ಬಿನ ಅಳತೆ; ಮಿಲಿಲೀಟರ್‌ಗೆ ಸುಮಾರು 15 ಕೋಟಿ ಬ್ಯಾಕ್ಟೀರಿಯಾ), 35 ಡಿಗ್ರಿಯಲ್ಲಿ 16–18 ಗಂಟೆ. ಅಗಾರ್ ತೆಳುವಾದರೆ ವೃತ್ತ ಹಿಗ್ಗಿ, ಕೆಲಸ ಮಾಡದ ಔಷಧವೂ ‘ಸೆನ್ಸಿಟಿವ್’ ಎಂದು ಬರಬಹುದು. ಇದೇ ಅಪಾಯಕಾರಿ ತಪ್ಪು. ದ್ರಾವಣ ದಟ್ಟವಾದರೆ ವೃತ್ತ ಕುಗ್ಗುತ್ತದೆ.

ಆದ್ದರಿಂದ ವರದಿಯಲ್ಲಿ ಮಿ.ಮೀ. ಬಿಟ್ಟು ಪಕ್ಕದ ಎಸ್ (ಸೆನ್ಸಿಟಿವ್), ಐ (ಇಂಟರ್‌ಮೀಡಿಯಟ್, ಎರಡರ ನಡುವೆ), ಆರ್ (ರೆಸಿಸ್ಟೆಂಟ್) ಅಕ್ಷರ ನೋಡಿ. ಹಲವು ‘ಎಸ್’ ಇದ್ದರೆ ಆಯ್ಕೆ ವೈದ್ಯರದು: ಸೋಂಕು ಎಲ್ಲಿದೆ, ಅಲ್ಲಿಗೆ ಔಷಧ ತಲುಪುತ್ತದೆಯೇ, ಕಿಡ್ನಿ ಹೇಗಿದೆ ಎಂಬುದನ್ನು ತಟ್ಟೆ ಹೇಳುವುದಿಲ್ಲ.