ಆಟಿಯಲ್ಲಿ ಬಂದ ಹಡಗು

ಪ್ರಿಯ ಕಾದಂಬರಿಕಾರರೇ,

ನಿಮ್ಮ ಹಸ್ತಪ್ರತಿ ಓದಿ ಮುಗಿಸಿದೆ. 280 ಪುಟ, ನಾಲ್ಕು ಸಂಜೆ. ಹದಿನಾಲ್ಕನೇ ಶತಮಾನದ ಕರಾವಳಿ ಬಂದರು ಬಾರಕೂರು, ಒಬ್ಬ ಅರಸುಮಗ, ಯೆಮನ್ ಹಡಗಿನ ಒಬ್ಬ ಲೆಕ್ಕಿಗ, ಅವರಿಬ್ಬರ ಪ್ರೀತಿ, ಜೊತೆಗೆ ನಗು. ಇಷ್ಟು ಕೇಳಿದಾಗಲೇ ಆಸೆ ಹುಟ್ಟಿತ್ತು. ಮೇಲಿಂದ ನಿಮ್ಮ ಗೆಳೆಯರು ಮೂವರು ಫೋನ್ ಮಾಡಿ, "ಮೇಡಂ, ನಕ್ಕು ನಕ್ಕು ಸಾಕಾಯ್ತು" ಅಂದಿದ್ದರು. ಬಾಯಿ ಚಪ್ಪರಿಸಿಕೊಂಡು ಕೂತೆ. ಬಡಿಸಿದ್ದು ಉಗುರುಬೆಚ್ಚಗಿನ ಗಂಜಿ. ಜೊತೆಗೆ ಉಪ್ಪಿನಕಾಯಿಯೂ ಇಲ್ಲ.

ಕೆಟ್ಟದಾಗಿದ್ದರೆ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ಕೆಟ್ಟದಾಗಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇಬ್ಬರು ಗಂಡಸರ ಪ್ರೀತಿ ಅಂತ ನಾನು ಹಿಂದೇಟು ಹಾಕುತ್ತಿಲ್ಲ. ಆದರೆ "ಕನ್ನಡದಲ್ಲಿ ಇದನ್ನು ಯಾರೂ ಮುಟ್ಟಿಲ್ಲ" ಎಂದು ನಿಮ್ಮ ಪತ್ರದಲ್ಲಿದೆ. ವಸುಧೇಂದ್ರರ 'ಮೋಹನಸ್ವಾಮಿ' ಬಂದದ್ದು 2013ರಲ್ಲಿ. ಆ ಸಾಲು ತೆಗೆದುಬಿಡಿ.

ನನ್ನ ದೊಡ್ಡ ತಕರಾರು ಕತೆಯ ಗಂಟಿನ ಬಗ್ಗೆ. "ನೀನು ಹೀಗಾದರೆ ನನ್ನ ನಂತರ ಪಟ್ಟಕ್ಕೆ ಯಾರು, ನಿನ್ನ ನಂತರ ಯಾರು?" ಎಂದು ಅರಸ ಮಗನ ಮೇಲೆ ಸಿಡಿಯುತ್ತಾನೆ. ಅಲ್ಲಿಂದ ಇನ್ನೂರು ಪುಟ ಅದೇ ಗೋಳು. ಆದರೆ ಈ ಮನೆಯಲ್ಲಿ ಅಳಿಯಕಟ್ಟು ಎಂದು ಮೂರನೇ ಪುಟದಲ್ಲಿ ಬರೆದವರು ನೀವೇ! ಅಳಿಯಕಟ್ಟಿನಲ್ಲಿ ಪಟ್ಟ ಹೋಗುವುದು ಅಕ್ಕತಂಗಿಯರ ಮಕ್ಕಳಿಗೆ. ಅರಸನ ಮಗ ಮದುವೆಯಾದರೂ ಒಂದೇ, ಬಿಟ್ಟರೂ ಒಂದೇ. ಅವನನ್ನು ಬೈಯುವ ಅಧಿಕಾರ ಕೂಡ ಸೋದರಮಾವನದ್ದು. ಭೂತಾಳ ಪಾಂಡ್ಯನ ಐತಿಹ್ಯ ಬಾರಕೂರಿನದ್ದೇ ತಾನೇ? ಹಡಗು ನೀರಿಗಿಳಿಯಲು ಕುಂಡೋದರ ಭೂತ ನರಬಲಿ ಕೇಳಿತು. ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲಿಲ್ಲ. ತಂಗಿ ತನ್ನ ಮಗನನ್ನು ತಂದು ನಿಲ್ಲಿಸಿದಳು. ಭೂತ ಅವನನ್ನು ಕೊಲ್ಲದೆ ಬಿಟ್ಟಿತು, ಪಟ್ಟ ಆ ಅಳಿಯನಿಗೆ ಹೋಯಿತು, ಅವನೇ ಭೂತಾಳ ಪಾಂಡ್ಯ. ನಿಮ್ಮ ಗಂಟು ಇಂಗ್ಲಿಷ್ ಪ್ರೇಮಕತೆಗಳಿಂದ ಬಂದದ್ದು, ಅಲ್ವಾ? ವಂಶದ ಚಿಂತೆ ಅಲ್ಲಿನ ರಾಜರದ್ದು. ನಿಮ್ಮ ಹುಡುಗನ ಸಂಕಟ ಬೇರೆ. ಅವನು ಆ ಅರಮನೆಯಲ್ಲಿ ಹುಟ್ಟಿ ಬೆಳೆದೂ ಯಾರ ಲೆಕ್ಕದಲ್ಲೂ ಇಲ್ಲ. ಇದರ ಬಗ್ಗೆ ನೀವು ಒಂದು ಪುಟವನ್ನೂ ಬರೆದಿಲ್ಲ.

1342ರ ಹೊತ್ತಿಗೆ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಈ ಕರಾವಳಿಯಲ್ಲಿ ಹಾದುಹೋದ. ಅವನು ಫಾಕನೂರು ಅನ್ನುವುದು ಬಾರಕೂರನ್ನು. ಅಲ್ಲಿ ಒಳ್ಳೆಯ ಕಬ್ಬು ಬೆಳೆಯುತ್ತಿತ್ತಂತೆ. ಅರಸನ ಹತ್ತಿರ ಸುಮಾರು 30 ಯುದ್ಧದ ಹಡಗುಗಳು, ಅವುಗಳ ಮುಖ್ಯಸ್ಥ ಲೂಲಾ ಎಂಬ ಕಡಲ್ಗಳ್ಳ. ಹಾದುಹೋಗುವ ಹಡಗುಗಳು ನಿಂತು ಅರಸನಿಗೆ ಕಾಣಿಕೆ ಕೊಡಲೇಬೇಕು. ಇಬ್ನ್ ಬತೂತನ ಹಡಗು ಲಂಗರು ಹಾಕಿದಾಗ ಅರಸ ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳಿಸಿದ. ಅತಿಥಿಗಳಿಗೆ ದಡದಲ್ಲಿ ಮೂರು ರಾತ್ರಿ ಸತ್ಕಾರ. ಪಟ್ಟದ ಅಳಿಯನನ್ನು ಕಳಿಸಲಿಲ್ಲ ನೋಡಿ, ಮಗನನ್ನು ಕಳಿಸಿದ! (ಇದು ನನ್ನ ಕುಚೋದ್ಯ, ಇಬ್ನ್ ಬತೂತನ ತಲೆಗೆ ಕಟ್ಟಬೇಡಿ.) ಮೂರು ರಾತ್ರಿ, ಒಂದು ಹಡಗು, ಒತ್ತೆ ಬಿದ್ದ ಅರಸುಮಗ, ನಿದ್ದೆ ಬಾರದ ಲೆಕ್ಕಿಗ. ನಿಮಗೆ ಇನ್ನೇನು ಬೇಕು ಮಾರಾಯ್ರೇ?

ಅದರ ಬದಲು ನಿಮ್ಮ ಲೆಕ್ಕಿಗ ಬರುವುದು ಆಟಿ ತಿಂಗಳಲ್ಲಿ, ತುಳುವರ ಜಡಿಮಳೆಯ ತಿಂಗಳು. ಆಟಿಯಲ್ಲಿ ಮಲ್ಪೆಯ ದೋಣಿಯೇ ದಡದಲ್ಲಿರುತ್ತದೆ, ಅರಬರ ಹಡಗು ಎಲ್ಲಿಂದ ಬಂತು? ಮಳೆಗೆ ಮೊದಲೇ ಬಂದು ಸಿಕ್ಕಿಬಿದ್ದ ಅನ್ನಿ. ನಾಲ್ಕು ತಿಂಗಳು ಅವನು ಎಲ್ಲೂ ಹೋಗುವ ಹಾಗಿಲ್ಲ. ಪ್ರೀತಿಗೂ ಜಗಳಕ್ಕೂ ಬೇಕಾದಷ್ಟು ಸಮಯ. ಮೊದಲ ಊಟದಲ್ಲಿ ಅವನು ಮೆಣಸಿನಕಾಯಿ ಕಚ್ಚಿ ಕಣ್ಣೀರಿಡುತ್ತಾನೆ. ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಕಾಲಕ್ಕೆ, 1498ರ ನಂತರ. ಆಗ ಇದ್ದದ್ದು ಒಳ್ಳೆಮೆಣಸು, ಅಂದರೆ ಕಾಳುಮೆಣಸು. ಆಮೇಲೆ ಬಂದದ್ದು ಎಷ್ಟು ಖಾರವಾದರೂ 'ಒಳ್ಳೆ' ಅನ್ನುವ ಹೆಸರು ಇದರಲ್ಲೇ ಉಳಿಯಿತು.

ಇನ್ನು ನಗುವಿನ ವಿಷಯ. ನಿಮ್ಮ ಅರಸ, ಅಡುಗೆಯವನು, ಬಸದಿಯ ಪುರೋಹಿತ ಇಂದ್ರ, ಎಲ್ಲರೂ ಒಂದೇ ಥರ ಚುರುಕು. ಎಲ್ಲರೂ ವಾಟ್ಸಾಪ್‌ನಲ್ಲಿ ಮಾತಾಡಿದ ಹಾಗೆ ಮಾತಾಡುತ್ತಾರೆ. ನೀವು ಯಕ್ಷಗಾನದ ಆಟ ನೋಡಿದವರು. ಹಾಸ್ಯಗಾರ ಬಂದರೆ ನಗು ಬರುವುದು ಯಾಕೆ? ಅಲ್ಲಿವರೆಗೆ ಅರಸು ವೇಷ ಗಂಭೀರವಾಗಿ ಸಭೆ ನಡೆಸಿರುತ್ತದೆ. ರಾತ್ರಿಯಿಡೀ ಹಾಸ್ಯಗಾರರೇ ಕುಣಿದರೆ ಜನ ಚಹಾ ಕುಡಿಯಲು ಎದ್ದು ಹೋಗುತ್ತಾರೆ. ನಿಮ್ಮ ಇಬ್ಬರಿಗೂ ಹೆದರಿಕೆಯೇ ಇಲ್ಲ. ಕಳೆದುಕೊಳ್ಳುವ ಹೆದರಿಕೆ ಇಲ್ಲದವರ ತಮಾಷೆ ಎಷ್ಟು ಹೊತ್ತು ಕೇಳುವುದು? ಮತ್ತೆ, ಒಬ್ಬನದ್ದು ತುಳು, ಇನ್ನೊಬ್ಬನದ್ದು ಅರಬಿ, ಮೊದಲ ದಿನದಿಂದಲೇ ಸರಾಗ ಮಾತು! ನಡುವೆ ಒಬ್ಬ ದುಭಾಷಿಯನ್ನು ನಿಲ್ಲಿಸಿ. ಅವನು ಪ್ರೀತಿಯ ಮಾತನ್ನೆಲ್ಲ ಮೆಣಸಿನ ವ್ಯಾಪಾರಕ್ಕೆ ತಿರುಗಿಸಲಿ.

62ನೇ ಪುಟವನ್ನು ಮಾತ್ರ ಎರಡು ಸಲ ಓದಿದೆ. ಇಬ್ಬರೂ ಮೆಣಸಿನ ಮೂಟೆ ಎಣಿಸುತ್ತಾರೆ. ನಲವತ್ತಾದಾಗ ಅರಸುಮಗ ಬೇಕೆಂದೇ ಲೆಕ್ಕ ತಪ್ಪಿಸುತ್ತಾನೆ. ಲೆಕ್ಕಿಗನಿಗೆ ಗೊತ್ತಾಗುತ್ತದೆ. ಸುಮ್ನೆ ಮತ್ತೆ ಒಂದರಿಂದ ಶುರು ಮಾಡುತ್ತಾನೆ. ಅಲ್ಲಿ ಒಂದೂ ಜೋಕ್ ಇಲ್ಲ, ನಾನು ನಕ್ಕೆ. ಆ ಪುಟ ಬರೆದವರು ಉಳಿದ ಪುಟಗಳಲ್ಲಿ ಎಲ್ಲಿ ಹೋಗಿದ್ದರು?

ಈಗಿನ ರೂಪದಲ್ಲಿ ನಾವು ಪ್ರಕಟಿಸುವುದಿಲ್ಲ. 62ನೇ ಪುಟದ ಮೂಲೆ ಮಡಚಿ ಪ್ರತಿ ವಾಪಸ್ ಕಳಿಸಿದ್ದೇನೆ. ಮತ್ತೆ ಬರೆದರೆ ಖಂಡಿತ ಓದುತ್ತೇನೆ. ಕಳಿಸುವುದು ಮಾತ್ರ ಮಳೆ ಬಿಟ್ಟ ಮೇಲೆ. ನಮ್ಮ ಆಫೀಸಿನ ಮಾಡು ಸೋರುತ್ತದೆ, ಹೋದ ವರ್ಷ ಒಂದು ಕವನ ಸಂಕಲನ ಹಾಗೇ ನೀರುಪಾಲಾಯಿತು.