ಆರನೇ ಪುಟದ ಅಜ್ಜಿ

ನಮಸ್ಕಾರ.

ಮೊಣಕಾಲಿನ ಕೆಳಗಿನ ಭಾಗದ ಹೆಸರುಗಳ ಬಗ್ಗೆ ನೀವು ಬರೆದು ಕಳಿಸಿದ ‘ಜಂಘೆ: ಒಂದು ಪದದ ಮಹಾಯಾನ’ ಲೇಖನವನ್ನು ಎರಡು ಸಲ ಓದಿದೆ. ಮೊದಲನೇ ಸಲ ಬೇಸರ ಬಂತು. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತಾಗ ಆರನೇ ಪುಟದಲ್ಲಿ ನಿಮ್ಮ ಅಜ್ಜಿ ಸಿಕ್ಕರು. ಈ ಪತ್ರ ಬರೆಯುತ್ತಿರುವುದೇ ಅವರಿಂದಾಗಿ. ಇಲ್ಲದಿದ್ದರೆ ‘ಪ್ರಕಟಿಸಲು ಸಾಧ್ಯವಾಗುತ್ತಿಲ್ಲ’ ಎಂಬ ಎರಡು ಸಾಲಿನ ಉತ್ತರ ಬರುತ್ತಿತ್ತು, ಅಷ್ಟೆ.

ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿಯೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

‘ಭಾಷೆ ಎಂಬುದೊಂದು ಮಹಾಸಾಗರ’ ಎಂದು ಶುರು ಮಾಡಿದ್ದೀರಿ. ಆ ಸಾಗರ ದಾಟಿ ಮೊಣಕಾಲಿನ ಕೆಳಗೆ ಬರುವಷ್ಟರಲ್ಲಿ ಒಂದೂವರೆ ಪುಟ ಮುಗಿದಿತ್ತು. ಅದನ್ನು ಪೂರ್ತಿ ಹೊಡೆದುಹಾಕಿದ್ದೇನೆ. ‘ಕಾಲು’ ಎಂದರೆ ನಾಲ್ಕನೇ ಒಂದು ಭಾಗವೂ ಹೌದು ಎಂಬ ಪುಟವೂ ಹೋಯಿತು. ಕಾಲು ಕೆ.ಜಿ. ಕಾಫಿಪುಡಿ ತಂದವರಿಗೆಲ್ಲ ಅದು ಗೊತ್ತು.

ಎರಡನೇ ಪುಟದಲ್ಲಿ ‘ಭೀಮನು ದುರ್ಯೋಧನನ ಜಂಘೆಯನ್ನು ಮುರಿದನು’ ಎಂದಿದ್ದೀರಿ. ಮುರಿದದ್ದು ತೊಡೆ ಸ್ವಾಮಿ! ಸಂಸ್ಕೃತದಲ್ಲಿ ತೊಡೆಗೆ ಊರು ಎನ್ನುತ್ತಾರೆ. ಭಾಸನ ನಾಟಕದ ಹೆಸರೇ ‘ಊರುಭಂಗ’. (ಅದನ್ನು ಕೇಳಿ ಹಳ್ಳಿ ಹಾಳಾದ ಕಥೆ ಅಂದುಕೊಂಡವರನ್ನು ನಾನು ನೋಡಿದ್ದೇನೆ.) ಜಂಘೆ ಎಂದರೆ ಮಂಡಿಯಿಂದ ಹರಡಿನವರೆಗಿನ, ಅಂದರೆ ಪಾದದ ಕೀಲಿನವರೆಗಿನ ಭಾಗ. ನಿಮ್ಮ ಗೊಂದಲ ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ಹಿಂದಿಯಲ್ಲಿ ಅದೇ ಪದ ‘ಜಾಂಘ್’ ಆಗಿ ಮೇಲಕ್ಕೆ ಹತ್ತಿ ತೊಡೆಯಾಗಿದೆ. ಹಿಂದಿಯ ಮಹಾಭಾರತ ನೋಡಿ ಬೆಳೆದವರಿಗೆ ಜಂಘೆ ಎಂದರೆ ದುರ್ಯೋಧನ ತಟ್ಟಿಕೊಂಡ ಜಾಗವೇ. ನನಗೂ ಆಗಿತ್ತು ಬಿಡಿ. ಒಮ್ಮೆ ಯಾರದೋ ಕಥೆ ತಿದ್ದುವಾಗ ‘ತೊಡೆ’ ತೆಗೆದು ಗತ್ತಿಗೆ ‘ಜಂಘೆ’ ಹಾಕಿದ್ದೆ. ಓದುಗರೊಬ್ಬರ ಪೋಸ್ಟ್ ಕಾರ್ಡ್ ಬಂತು: ‘ಮಗು ಅಮ್ಮನ ಜಂಘೆಯ ಮೇಲೆ ಹೇಗೆ ಮಲಗುತ್ತದೆ, ಜಾರಿ ಬೀಳಲ್ವಾ?’

ತಮಾಷೆ ಏನೆಂದರೆ, ನಿಮ್ಮ ಮೂರನೇ ಪುಟವೇ ಎರಡನೇ ಪುಟವನ್ನು ಸುಳ್ಳು ಮಾಡುತ್ತದೆ. ಅಲ್ಲಿ ವಿಶ್ಪಲೆಯ ಕಥೆ ಹೇಳಿದ್ದೀರಿ. ಋಗ್ವೇದದ 1ನೇ ಮಂಡಲ, 116ನೇ ಸೂಕ್ತ. ಕಾಳಗದಲ್ಲಿ ಅವಳ ಕಾಲು ಹಕ್ಕಿಯ ರೆಕ್ಕೆಯಂತೆ ಕತ್ತರಿಸಿ ಹೋಗುತ್ತದೆ. ದೇವವೈದ್ಯರಾದ ಅಶ್ವಿನಿಗಳು ಬಂದು ಅವಳು ಓಡಲಿ ಎಂದು ‘ಆಯಸೀ ಜಂಘಾ’ ಜೋಡಿಸುತ್ತಾರೆ, ಅಂದರೆ ಲೋಹದ ಕೆಳಗಾಲು. ಈ ಭಾಗ ಚೆನ್ನಾಗಿದೆ, ಇಟ್ಟುಕೊಳ್ಳಿ. ಆದರೆ ‘ವಿಶ್ವದ ಮೊದಲ ಕೃತಕ ಅಂಗ ಶಸ್ತ್ರಚಿಕಿತ್ಸೆ’ ಎಂಬ ಘೋಷಣೆ ಬೇಡ. ವಿಶ್ಪಲೆ ಹೆಂಗಸೋ ಓಟದ ಕುದುರೆಯೋ ಎಂದೇ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ.

‘ಜಂಘೆಯಿಂದಲೇ ಜಂಗಮ’ ಎಂಬ ಮಾತೂ ನಿಲ್ಲುವುದಿಲ್ಲ. ಜಂಗಮ ಹುಟ್ಟಿದ್ದು ಹೋಗು ಎಂಬ ಅರ್ಥದ ‘ಗಮ್’ ಧಾತುವಿನಿಂದ. ಜಂಘೆಯದು ಬೇರೆ ಬೇರು. ಅದರ ಹಳೆಯ ನೆಂಟ ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯಲ್ಲಿದ್ದಾನೆ, ಹೆಸರು ‘ಜಂಗ’, ಅರ್ಥ ಹರಡು. ಎರಡರಲ್ಲೂ ನಡಿಗೆ ಇರುವುದರಿಂದ ನಿಮಗೆ ಆಸೆಯಾಗಿದೆ. ಆ ಆಸೆಗೆ ಬಸವಣ್ಣನವರನ್ನೂ ಎಳೆದು ತಂದಿದ್ದೀರಿ. ಅವರನ್ನು ಅವರ ಪಾಡಿಗೆ ಬಿಡಿ. ನಡಿಗೆಯೇ ಬೇಕೆಂದರೆ ಸಂಸ್ಕೃತದ ಹಳೆಯ ನಿಘಂಟು ಅಮರಕೋಶದಲ್ಲಿ ‘ಜಂಘಾಲ’ ಇದೆ, ಅಂದರೆ ಭಾರೀ ವೇಗದ ಓಟಗಾರ. ಪಕ್ಕದಲ್ಲೇ ‘ಜಾಂಘಿಕ’ ಇದೆ, ಸುದ್ದಿ ಹೊತ್ತು ಓಡುವವನು. ಮೀನಖಂಡ (ಕೆಳಗಾಲಿನ ಹಿಂದಿನ ಮಾಂಸಲ ಭಾಗ) ಸವೆಸಿ ಹೊಟ್ಟೆ ಹೊರೆಯುತ್ತಿದ್ದ ಆ ಮನುಷ್ಯ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಈಗ ಕಣಕಾಲು. ‘ಕಣದಲ್ಲಿ ತುಳಿದು ತುಳಿದು ಒಕ್ಕಣೆ ಮಾಡುವ ಕಾಲು, ಆದ್ದರಿಂದ ಕಣಕಾಲು’ ಎಂದಿದ್ದೀರಿ. ಕೇಳೋಕೆ ಎಷ್ಟು ಚಂದ! ನಾನೂ ಒಂದು ಗಳಿಗೆ ಒಪ್ಪಿಬಿಟ್ಟೆ. ಆದರೆ ಹೀಗೆ ಚಂದ ಕಂಡಾಗಲೇ ಪಕ್ಕದ ಮನೆಯವರನ್ನು ಒಂದು ಮಾತು ಕೇಳಬೇಕು. ತಮಿಳರು ಇದಕ್ಕೆ ‘ಕಣೈಕ್ಕಾಲ್’ ಎನ್ನುತ್ತಾರೆ, ಮಲಯಾಳಿಗಳು ‘ಕಣಂಕಾಲ್’. ಮೂವರಲ್ಲೂ ಅದೇ ‘ಕಣ’. ಸರಿ, ಒಕ್ಕಣೆಯ ಕಣಕ್ಕೆ ತಮಿಳಿನಲ್ಲಿ ಏನು? ‘ಕಳಂ’. ಮಲಯಾಳದಲ್ಲೂ ‘ಕಳಂ’. ನಮ್ಮಲ್ಲೂ ಹಳಬರ ಬಾಯಲ್ಲಿ ಅದು ‘ಕಳ’ವೇ. ನಿಮ್ಮ ಮಾತು ನಿಜವಾಗಿದ್ದರೆ ತಮಿಳರದು ಕಳಕ್ಕಾಲ್ ಆಗಬೇಕಿತ್ತು. ಆಗಿಲ್ಲ. ನಿಮ್ಮ ಕಣ ಅಲ್ಲೇ ಖಾಲಿಯಾಯಿತು. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟಿನಲ್ಲಿ (1961, ತಿದ್ದಿದ್ದು 1984) ಇಂಥ ನೆಂಟರೆಲ್ಲ ಒಂದೇ ಕಡೆ ಕೂತಿರುತ್ತಾರೆ. ಕಿಟೆಲ್ ನಿಘಂಟು (1894) ನಿಮ್ಮ ಬಳಿ ಇದೆ ಎಂದು ಬರೆದಿದ್ದೀರಿ, ಅದರ ಪಕ್ಕ ಇದನ್ನೂ ಇಟ್ಟುಕೊಳ್ಳಿ.

ಇಷ್ಟೆಲ್ಲ ಆದ ಮೇಲೆ, ಆರನೇ ಪುಟದ ಕೊನೆಯಲ್ಲಿ, ಅದೂ ಬ್ರಾಕೆಟ್ಟಿನೊಳಗೆ, ನಿಮ್ಮ ಅಜ್ಜಿ ಬರುತ್ತಾರೆ. ನಾಟಿ ಮುಗಿಸಿ ಬಂದ ರಾತ್ರಿ ಅವರಿಗೆ ಎಚ್ಚರವಾಗುತ್ತದೆ. ‘ಮೀನು ಎದ್ದದೆ ಕಣ್ ಮಗ, ಒಸಿ ತಿಕ್ಕು’ ಅನ್ನುತ್ತಾರೆ. ನೀವು ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತೀರಿ. ಚರ್ಮದ ಕೆಳಗೆ ಗಂಟು ಕಟ್ಟಿದ್ದು ಅಂಗೈಗೆ ಸಿಗುತ್ತದೆ, ಹಿಡಿದರೆ ಜಾರುತ್ತದೆ, ಮತ್ತೆ ಸಿಗುತ್ತದೆ. ನಾಲ್ಕೇ ಸಾಲು. ಏಳು ಪುಟದ ಲೇಖನದಲ್ಲಿ ನನಗೆ ಜೀವ ಕಂಡದ್ದು ಅಲ್ಲಿ ಮಾತ್ರ.

ಯಾಕೆಂದರೆ ಮೀನಖಂಡ ಎಂಬ ಪದ ಅಲ್ಲಿ ಕೈಗೆ ಸಿಗುತ್ತದೆ. ಮೀನಿನಂಥ ಖಂಡ. ಖಂಡ ಎಂದರೆ ತುಂಡು ಎಂದು ನೀವು ಸಂಸ್ಕೃತದ ಅರ್ಥ ಕೊಟ್ಟು ಸುಮ್ಮನಾಗಿದ್ದೀರಿ. ಕನ್ನಡದವರಿಗೆ ಖಂಡ ಎಂದರೆ ಮೊದಲು ಮಾಂಸ. ಪುಣ್ಯಕೋಟಿ ಹುಲಿಯ ಮುಂದೆ ನಿಂತು ಕೊಡಲು ಹೊರಟಿದ್ದೇನು, ನೆನಪಿದೆ ತಾನೆ? ಇನ್ನು ಮೀನು. ಅದು ನಮ್ಮೊಬ್ಬರ ಕಲ್ಪನೆಯಲ್ಲ. ತಮಿಳಿನಲ್ಲಿ ಇದೇ ಭಾಗ ‘ಕೆಂಡೈಕ್ಕಾಲ್’, ಕೆಂಡೈ ಎಂದರೆ ಒಂದು ಜಾತಿಯ ಕೆರೆಮೀನು. ನಮ್ಮ ವೈದ್ಯರು ಓದುವ ಹೆಸರುಗಳನ್ನು ನೋಡಿ. ಮೀನಖಂಡದ ಮೇಲಿನ ಸ್ನಾಯು ಗ್ಯಾಸ್ಟ್ರೊಕ್ನೀಮಿಯಸ್. ಅದು ಗ್ರೀಕ್, ‘ಕಾಲಿನ ಹೊಟ್ಟೆ’ ಎಂದರ್ಥ. ಅದರಡಿಯ ಚಪ್ಪಟೆ ಸ್ನಾಯು ಸೋಲಿಯಸ್. ಲ್ಯಾಟಿನ್ನಿನ ಸೋಲಿಯಾ ಎಂದರೆ ಚಪ್ಪಲಿ. ಆ ಚಪ್ಪಲಿಯ ಆಕಾರಕ್ಕೇ ಸೋಲ್ ಎಂಬ ಚಪ್ಪಟೆ ಮೀನಿಗೂ ಆ ಹೆಸರು ಬಂತು, ನಮ್ಮ ಕರಾವಳಿಯ ನಂಗ್ ಮೀನಿನ ಥರದ್ದು. ಸುತ್ತಿ ಬಳಸಿ ಅಲ್ಲೂ ಒಂದು ಮೀನು!

ನೀವು ಮುಟ್ಟದೇ ಬಿಟ್ಟ ಇನ್ನೊಂದು ವಿಷಯವಿದೆ, ಅದು ಬಿಟ್ಟಿದ್ದಕ್ಕೇ ನನಗೆ ಜಾಸ್ತಿ ಸಿಟ್ಟು. ಜಂಘೆ ಎಂಬ ಪದ ಇವತ್ತಿನ ಕನ್ನಡದಲ್ಲಿ ಒಂಟಿಯಾಗಿ ಎಲ್ಲಿ ಬದುಕಿದೆ? ಯಾರಾದರೂ ‘ಡಾಕ್ಟ್ರೇ, ಜಂಘೆ ನೋಯ್ತಿದೆ’ ಅಂತಾರಾ? ಅದು ಉಳಿದಿರುವುದು ‘ಜಂಘಾಬಲವೇ ಉಡುಗಿಹೋಯಿತು’ ಎಂಬ ಮಾತಿನಲ್ಲಿ. ಕ್ರಿಕೆಟ್ ವರದಿಯಲ್ಲಿ ಬೌಲರ್ ದಿನಾ ಎದುರಾಳಿಗಳ ಜಂಘಾಬಲ ಉಡುಗಿಸುತ್ತಿರುತ್ತಾನೆ. (ಅರ್ಧ ಜನ ‘ಜಂಗಾಬಲ’ ಎಂದೇ ಬರೆಯುತ್ತಾರೆ. ನೀವು ಘ ಸರಿಯಾಗಿ ಹಾಕಿದ್ದೀರಿ, ಥ್ಯಾಂಕ್ಸ್.) ಭಯವಾದರೆ ಎದೆ ನಡುಗುತ್ತದೆ ಅನ್ನುತ್ತೇವೆ, ಆದರೆ ಬಲ ಹೋಗುವುದು ಮಾತ್ರ ಮಂಡಿಯ ಕೆಳಗೆ. ಅದೇ ಭಯಕ್ಕೆ ‘ಕಾಲಿಗೆ ಬುದ್ಧಿ ಹೇಳಿದ’ ಎಂಬ ಮಾತೂ ಇದೆ. ಒಬ್ಬನ ಕಾಲು ನಿಂತಲ್ಲೇ ಕುಸಿಯಿತು, ಇನ್ನೊಬ್ಬನ ಕಾಲು ಮಾತು ಕೇಳಿ ಓಡಿತು. ಕುಸಿಯುವುದಕ್ಕೆ ಸಂಸ್ಕೃತದ ಪದ ಬೇಕಾಯಿತು, ಓಡುವುದಕ್ಕೆ ಮನೆಯ ‘ಕಾಲು’ ಸಾಕಾಯಿತು. ಇದು ಯಾಕಿರಬಹುದು ಎಂದು ನೀವೇ ಯೋಚಿಸಿ ಬರೆದರೆ ನಾನು ಕಾಸು ಕೊಟ್ಟು ಓದುತ್ತೇನೆ.

ಹಾಗಾಗಿ ಹೀಗೆ ಮಾಡಿ. ಅಜ್ಜಿಯನ್ನು ಬ್ರಾಕೆಟ್ಟಿನಿಂದ ಹೊರಗೆ ತಂದು ಮೊದಲ ಸಾಲಿನಲ್ಲಿ ಕೂರಿಸಿ. ಎಣ್ಣೆ, ಕತ್ತಲೆ, ಜಾರುವ ಗಂಟು, ಎಲ್ಲ ಬರಲಿ. ‘ಮೀನು ಎದ್ದದೆ’ ಎಂಬುದನ್ನು ‘ಮೀನಖಂಡದಲ್ಲಿ ಸೆಳೆತ ಉಂಟಾಗಿದೆ’ ಎಂದು ಕೆಳಗೆ ವಿವರಿಸಿದ್ದೀರಿ, ಅದನ್ನು ತೆಗೆಯಿರಿ. ಅವರು ಹೇಳಿದ್ದು ಎಲ್ಲರಿಗೂ ಅರ್ಥವಾಗುತ್ತದೆ. ವಿಶ್ಪಲೆ ಇರಲಿ, ಓಡುವ ಜಾಂಘಿಕ ಬರಲಿ, ಭೀಮ ಬೇಡ. ಏಳು ಪುಟ ಮೂರಾಗಬೇಕು. ಶೀರ್ಷಿಕೆಯಲ್ಲಿ ‘ಮಹಾಯಾನ’ ಇದ್ದರೆ ನಾನು ಲಕೋಟೆ ಒಡೆಯುವುದಿಲ್ಲ.

ಇನ್ನೊಂದು ಪ್ರಶ್ನೆ, ಇದು ಬರೀ ನನ್ನ ಕುತೂಹಲ. ತಿಕ್ಕಿದ ಮೇಲೆ ಸೆಳೆತ ಬಿಟ್ಟಾಗ ಅಜ್ಜಿ ಏನನ್ನುತ್ತಿದ್ದರು? ಮೀನು ಮಲಗಿತು ಅಂತಲೇ, ಅಥವಾ ಬೇರೆ ಏನಾದರೂ? ನೆನಪಿದ್ದರೆ ಅದನ್ನೂ ಬರೆದು ಕಳಿಸಿ.

ನಿಮ್ಮ,
ಸಂಪಾದಕ