ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿದರೆ ಗೇಮ್ ನಿಜಕ್ಕೂ ಚೆನ್ನಾಗಿ ಓಡುತ್ತಾ?

ನೀವು ಕೇಳಿದ್ದು ಇಷ್ಟು: ರೈಜನ್ 5 2600 ಪ್ರೊಸೆಸರ್, ಜಿಟಿಎಕ್ಸ್ 1660 ಗ್ರಾಫಿಕ್ಸ್ ಕಾರ್ಡ್, 60 ಹರ್ಟ್ಸ್‌ನ 1080ಪಿ ಮಾನಿಟರ್ ಇದೆ. ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಮೇಲೆ, 4 ಗಿಗಾಹರ್ಟ್ಸ್‌ಗೆ ಏರಿಸಿದರೆ ಗೇಮ್‌ನಲ್ಲಿ ವ್ಯತ್ಯಾಸ ಗೊತ್ತಾಗುತ್ತಾ ಅಂತ. ಹೆಚ್ಚುಕಮ್ಮಿ ಇದೇ ಸೆಟಪ್ ನನ್ನ ಹತ್ತಿರವೂ ಇತ್ತು, ಇದೇ ಆಸೆ ನನಗೂ ಹುಟ್ಟಿತ್ತು. ಮಾಡಿ ನೋಡಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು, ಅಷ್ಟೇ.

ಲೆಕ್ಕ ಹಾಕಿ ನೋಡಿ. 2600ರ ಡಬ್ಬಿಯ ಮೇಲೆ 3.4 ಅಂತ ಇದ್ದರೂ ಗೇಮ್ ಆಡುವಾಗ ಅದು ತಾನಾಗಿಯೇ 3.7ರ ಆಸುಪಾಸಿಗೆ ಏರಿರುತ್ತದೆ. ನೀವು ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಕೂತು ಕಷ್ಟಪಟ್ಟು 4.0 ಮಾಡಿದರೂ ಸಿಗುವುದು ಶೇ. 8. ಅದು ಪೂರ್ತಿ ಗೇಮ್‌ಗೇ ದಕ್ಕಿತು ಅಂತ ಇಟ್ಟುಕೊಳ್ಳಿ, ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬರುತ್ತಿದ್ದ ಕಡೆ 65 ಬರುತ್ತದೆ. ನಿಮ್ಮ ಮಾನಿಟರ್ ತೋರಿಸುವುದೇ ಸೆಕೆಂಡಿಗೆ 60, ಅಲ್ವಾ?

ಓವರ್‌ಕ್ಲಾಕಿಂಗ್‌ಗೆ ಇಷ್ಟು ಹೆಸರು ಬಂದದ್ದು ಹಳೇ ಕಾಲದಿಂದ. 1998ರ ಸೆಲೆರಾನ್ 300ಎ ಚಿಪ್ಪಿಗೆ 66 ಮೆಗಾಹರ್ಟ್ಸ್ ಇದ್ದ ಬಸ್ ವೇಗವನ್ನು (ಚಿಪ್ಪಿನ ವೇಗ ಇದರ ಲೆಕ್ಕದಲ್ಲೇ ಏರುತ್ತದೆ) 100ಕ್ಕೆ ಹಾಕಿದರೆ 300 ಇದ್ದದ್ದು ಸೀದಾ 450 ಆಗುತ್ತಿತ್ತು. ಒಂದೂವರೆ ಪಟ್ಟು, ಅದೂ ಪುಕ್ಕಟೆ. 2011ರ ಐ5-2500ಕೆ ಕೂಡ ಒಳ್ಳೇ ಕೂಲರ್ ಇದ್ದರೆ 3.3ರಿಂದ 4.5ರವರೆಗೆ ಆರಾಮಾಗಿ ಹೋಗುತ್ತಿತ್ತು. ಆಗ ಚಿಪ್ಪಿನೊಳಗೆ ಅಷ್ಟು ಜಾಗ ಬಿಟ್ಟು ಮಾರುತ್ತಿದ್ದರು. ಈಗ ಟರ್ಬೊ, ಬೂಸ್ಟ್ ಅಂತ ಹೆಸರಿಟ್ಟು ಅದನ್ನೆಲ್ಲ ಕಂಪನಿಯವರೇ ಹಿಂಡಿ ಕಳಿಸುತ್ತಾರೆ. ನಮ್ಮ ಕೈಗೆ ಸಿಗುವುದು ರಸ ತೆಗೆದ ನಿಂಬೆಹಣ್ಣು.

ಇನ್ನು ಆ ಶೇ. 8 ಗೇಮ್‌ಗೆ ದಕ್ಕುತ್ತಾ ಅನ್ನೋದು ಬೇರೆ ಮಾತು. ಮನೆ ಕಟ್ಟುವ ಕಡೆ ನೋಡಿರುತ್ತೀರಿ. ಕೈಯಾಳು ಇಟ್ಟಿಗೆ, ಕಲಸಿದ ಸಿಮೆಂಟು ತಂದು ಕೊಡುತ್ತಾನೆ, ಮೇಸ್ತ್ರಿ ಗೋಡೆ ಕಟ್ಟುತ್ತಾನೆ. ಗೇಮ್‌ನಲ್ಲಿ ಪ್ರೊಸೆಸರ್ ಆ ಕೈಯಾಳು. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ಮುಂದಿನ ಫ್ರೇಮ್‌ನಲ್ಲಿ ಏನೇನು ಇರಬೇಕು ಅಂತ ಲೆಕ್ಕ ಮಾಡಿ ಗ್ರಾಫಿಕ್ಸ್ ಕಾರ್ಡಿಗೆ ದಾಟಿಸುತ್ತದೆ. ಚಿತ್ರ ಬಿಡಿಸುವ ಮೇಸ್ತ್ರಿ ಕಾರ್ಡ್. ಮೇಸ್ತ್ರಿಯೇ ನಿಧಾನ ಇದ್ದರೆ ಕೈಯಾಳು ಎಷ್ಟು ಓಡಿ ಬಂದರೂ ಬಾಂಡ್ಲಿ ಹಿಡಿದು ನಿಂತಿರಬೇಕಾಗುತ್ತದೆ. ಸೈಬರ್‌ಪಂಕ್ 2077ರಲ್ಲಿ ನನಗೆ ಆದದ್ದು ಇದೇ. ಹೈ ಸೆಟ್ಟಿಂಗ್‌ನಲ್ಲಿ ಓವರ್‌ಕ್ಲಾಕ್‌ಗೆ ಮುಂಚೆ 43 ಫ್ರೇಮ್, ಆಮೇಲೂ 43.

ನಿಮ್ಮಲ್ಲಿ ಯಾರು ನಿಧಾನ ಅಂತ ತಿಳಿಯಲು ಐದು ನಿಮಿಷ ಸಾಕು. ವಿ-ಸಿಂಕ್ (ಫ್ರೇಮನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್), ಫ್ರೇಮ್ ಲಿಮಿಟ್ ಎರಡನ್ನೂ ಆಫ್ ಮಾಡಿ. ಗೇಮ್‌ನಲ್ಲಿ ಜನ ಜಾಸ್ತಿ ಇರುವ ಒಂದು ಜಾಗದಲ್ಲಿ ನಿಂತು ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) ಬರೆದಿಟ್ಟುಕೊಳ್ಳಿ. ರೆಸಲ್ಯೂಷನ್ 720ಪಿಗೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ನಂಬರ್ ಜಿಗಿದರೆ ತಡೆಯುತ್ತಿರುವುದು ಕಾರ್ಡ್, ಓವರ್‌ಕ್ಲಾಕ್ ವಿಚಾರ ಅಲ್ಲಿಗೆ ಬಿಡಿ. ಅಲ್ಲಾಡದೆ ಕೂತರೆ ಪ್ರೊಸೆಸರ್ ಕಡೆಯ ತೊಂದರೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಶೇ. 40 ತೋರಿಸುತ್ತಿದೆ, ಹಾಗಾಗಿ ಪ್ರೊಸೆಸರ್ ಆರಾಮಾಗಿದೆ ಅಂತ ಮಾತ್ರ ಅಂದುಕೊಳ್ಳಬೇಡಿ. 2600ರಲ್ಲಿ 12 ಥ್ರೆಡ್, ಅಂದರೆ ಒಟ್ಟೊಟ್ಟಿಗೆ ಕೆಲಸ ನಡೆಯುವ ಸಾಲುಗಳು, ಇವೆ. ಗೇಮ್‌ನ ಮುಖ್ಯ ಥ್ರೆಡ್ ಒಂದೇ ಉಸಿರುಕಟ್ಟಿ ಓಡುತ್ತಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಶೇ. 8 ಅಷ್ಟೇ.

ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ತರಹದ್ದನ್ನು ಕಡಿಮೆ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ ಮಾನಿಟರಿನಲ್ಲಿ ಆಡುವವರಿಗೆ, ಸಿಟೀಸ್ ಸ್ಕೈಲೈನ್ಸ್‌ನಲ್ಲಿ ಲಕ್ಷ ಜನರ ಊರು ಕಟ್ಟಿದವರಿಗೆ ಪ್ರೊಸೆಸರ್ ವೇಗ ನಿಜಕ್ಕೂ ಬೇಕು. ಅವರಾದರೂ ಮೊದಲು ರ‍್ಯಾಮ್ ನೋಡಲಿ.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ನಮ್ಮದು ಕಲಬುರಗಿ. ಮೇ ತಿಂಗಳ ರಾತ್ರಿ, ರೂಮಿನೊಳಗೇ 38 ಡಿಗ್ರಿ. ಗಾಳಿ ಊದುವ ಕೂಲರ್ ಎಷ್ಟೇ ಚೆನ್ನಾಗಿದ್ದರೂ ಚಿಪ್ಪನ್ನು ರೂಮಿಗಿಂತ ತಣ್ಣಗೆ ಮಾಡಲಾರದು, ಓವರ್‌ಕ್ಲಾಕ್ ವಿಡಿಯೋ ಮಾಡುವವರ ಎಸಿ ರೂಮ್ ನಮಗಿಲ್ಲ. ಮೇಲೆ, ಬಿಸಿ ಏರುವುದು ವೇಗದ ಲೆಕ್ಕದಲ್ಲಿ ಮಾತ್ರ ಅಲ್ಲ. ಅದರ ಜೊತೆಗೆ ವೋಲ್ಟೇಜ್‌ನ ವರ್ಗದಷ್ಟೂ ಏರುತ್ತದೆ. 1.2 ಇದ್ದ ವೋಲ್ಟೇಜನ್ನು 1.35 ಮಾಡಿ 3.7ರಿಂದ 4.0ಕ್ಕೆ ಹೋದರೆ ವೇಗ ಶೇ. 8 ಹೆಚ್ಚುತ್ತದೆ, ಚಿಪ್ ತಿನ್ನುವ ಕರೆಂಟು ಶೇ. 37ರಷ್ಟು ಹೆಚ್ಚುತ್ತದೆ. ಡಬ್ಬಿಯ ಜೊತೆ ಬಂದ ಪುಟಾಣಿ ಕೂಲರ್ ಹೇರ್ ಡ್ರೈಯರ್ ತರಹ ಕೂಗುತ್ತಿತ್ತು. ನಾನೋ ಇನ್ನೂ ಆಸೆಬುರುಕ, 4.2 ಹಾಕಿ ಸೇವ್ ಮಾಡಿದೆ. ಫ್ಯಾನ್ ತಿರುಗುತ್ತಿದೆ, ಸ್ಕ್ರೀನ್ ಕಪ್ಪು. ಮರುದಿನ ಬೆಳಗ್ಗೆ ಅದೇ ಕಂಪ್ಯೂಟರಿನಲ್ಲಿ ತಂಗಿಯ ಆನ್‌ಲೈನ್ ಪರೀಕ್ಷೆ! ಕೊನೆಗೆ ಪ್ಲಗ್ ಕಿತ್ತು, ಮೊಬೈಲ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಮದರ್‌ಬೋರ್ಡಿನ ಬಿಲ್ಲೆಯಂಥ ಸೆಲ್ಲನ್ನು ಉಗುರಿನಿಂದ ಎಬ್ಬಿಸಿ ತೆಗೆದು, ಹತ್ತು ನಿಮಿಷ ಬಿಟ್ಟು ಹಾಕಿದ ಮೇಲೆ ಬಯೋಸ್ ಎಲ್ಲ ಮರೆತು ಜೀವ ಬಂತು.

ಬಯೋಸ್ ಮೊದಲಿನಂತಾದ ಮೇಲೆ ಸುಮ್ನೆ ಕಣ್ಣಾಡಿಸುವಾಗ ಗೊತ್ತಾಯಿತು, ನನ್ನ 3200 ವೇಗದ ರ‍್ಯಾಮ್ ಕೊಂಡ ದಿನದಿಂದಲೂ 2400ರಲ್ಲೇ ಓಡುತ್ತಿದೆ. ಡಬ್ಬಿಯ ಮೇಲೆ ಬರೆದ ವೇಗದಲ್ಲೇ ಅದನ್ನು ಓಡಿಸುವ ಎಕ್ಸ್‌ಎಂಪಿ ಅನ್ನೋ ಸೆಟ್ಟಿಂಗನ್ನು ಯಾರೂ ಆನ್ ಮಾಡಿರಲಿಲ್ಲ. ಸಾಲದ್ದಕ್ಕೆ ಇದ್ದದ್ದು 8 ಜಿಬಿಯ ಒಂದೇ ಕಡ್ಡಿ. ಅಂಥದ್ದೇ ಇನ್ನೊಂದು ತಂದು ಡ್ಯುಯಲ್ ಚಾನೆಲ್ (ಎರಡೂ ಕಡ್ಡಿ ಒಟ್ಟಿಗೆ ಓಡುವ ಹಾಗೆ) ಮಾಡಿ, ಎಕ್ಸ್‌ಎಂಪಿ ಆನ್ ಮಾಡಿದೆ. ಪ್ರೊಸೆಸರ್ ತಡೆಯುತ್ತಿದ್ದ ಗೇಮ್‌ಗಳಲ್ಲಿ 70ರ ಸುತ್ತ ಇದ್ದದ್ದು 85 ದಾಟಿತು, ನಡುನಡುವೆ ತಡವರಿಸುವುದೂ ನಿಂತಿತು. ಈ ರೈಜನ್‌ಗಳ ಒಳಗೆ ಕೋರ್‌ಗಳನ್ನು (ಲೆಕ್ಕ ಮಾಡುವ ಘಟಕಗಳನ್ನು) ಜೋಡಿಸುವ ದಾರಿಯ ವೇಗ ರ‍್ಯಾಮ್ ವೇಗಕ್ಕೇ ಕಟ್ಟುಬಿದ್ದಿದೆ, ಅದಕ್ಕೇ ಇಷ್ಟು ಪರಿಣಾಮ. (2600ಕ್ಕೆ ಅಧಿಕೃತ ಮಿತಿ 2933, ಹಾಗಾಗಿ ಇದೂ ಒಂಥರಾ ಓವರ್‌ಕ್ಲಾಕೇ. ಆದರೆ 3200 ಸಾಮಾನ್ಯವಾಗಿ ತಕರಾರಿಲ್ಲದೆ ನಡೆಯುತ್ತದೆ.) ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ನಿಮ್ಮದು ಎಷ್ಟರಲ್ಲಿ ಓಡುತ್ತಿದೆ ಅಂತ ಕಾಣುತ್ತದೆ.

ಇಷ್ಟಾದ ಮೇಲೂ ಸಾಲದಿದ್ದರೆ ಹೊಸ ಕೂಲರ್‌ಗೆ ದುಡ್ಡು ಹಾಕಬೇಡಿ. ಮದರ್‌ಬೋರ್ಡ್ ಬಿ450 ಮಾಡೆಲ್ ಆಗಿದ್ದರೆ ಬಯೋಸ್ ಅಪ್‌ಡೇಟ್ ಮಾಡಿ ಅದರಲ್ಲೇ ರೈಜನ್ 5 5600 ಪ್ರೊಸೆಸರ್ ಕೂರಿಸಬಹುದು. 2600ನ್ನು ಎಷ್ಟು ಎಳೆದಾಡಿದರೂ ಅದರ ಹತ್ತಿರ ಬರುವುದಿಲ್ಲ. ನಾನು ಹಾಗೇ ಮಾಡಿದೆ. 2600 ಈಗ ಅತ್ತೆ ಮಗನ ಕಂಪ್ಯೂಟರಿನಲ್ಲಿದೆ. ಬಯೋಸ್ ಮುಟ್ಟಬೇಡ ಅಂತ ಹೇಳಿಯೇ ಕೊಟ್ಟಿದ್ದೇನೆ.

720ಪಿ ಪರೀಕ್ಷೆ ಮಾಡಿ ಎರಡು ನಂಬರ್ ಇಲ್ಲೇ ಹಾಕಿ, ಜೊತೆಗೆ ಬೋರ್ಡಿನ ಮಾಡೆಲ್. ನೋಡಿ ಹೇಳುತ್ತೇನೆ.